ಲಿಫ್ಟಿನೊಳಗಿನ ಕೊಳಲು

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಬೈಬೇಡಿ. ಟೀಮಿನಲ್ಲಿದ್ದ ಆರು ಜನರಲ್ಲಿ ಇಬ್ಬರು ಕೆಲಸ ಬಿಟ್ಟು ಹೋದರು. ಆರು ವಾರಕ್ಕೊಮ್ಮೆ ಬರುತ್ತಿದ್ದ ಆನ್-ಕಾಲ್ ಸರದಿ ಈಗ ನಾಲ್ಕು ವಾರಕ್ಕೊಮ್ಮೆ ಬರುತ್ತಿದೆ. ಆನ್-ಕಾಲ್ ಅಂದರೆ ಇಲ್ಲಿರುವ ಅರ್ಧ ಜನಕ್ಕೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ರಾತ್ರಿ ಯಾವ ಹೊತ್ತಿನಲ್ಲಾದರೂ ಸರ್ವರ್ ಬಿದ್ದರೆ ಮೊಬೈಲು ಕಿರುಚುತ್ತದೆ, ಎದ್ದು ಲ್ಯಾಪ್‌ಟಾಪ್ ತೆಗೆಯಬೇಕು. ಎಮ್ಮೆ ಈಯುವ ವಾರದಲ್ಲಿ ಕೊಟ್ಟಿಗೆಯ ಪಕ್ಕ ಮಲಗಿದ ಹಾಗೆ. ಈಯುವ ಎಮ್ಮೆಯಾದರೆ ಕೊನೆಗೊಂದು ಕರುವಾದರೂ ಸಿಗುತ್ತದೆ, ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಮೀಟಿಂಗು ಸಿಗುತ್ತದೆ :)

ತೊಂದರೆ ಎದ್ದೇಳುವುದರಲ್ಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಸಮಸ್ಯೆ ಬಗೆಹರಿದಿರುತ್ತದೆ, ಗಂಟೆ ಮೂರೂ ಕಾಲು ಆಗಿರುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ. ಎದೆ ಡವಗುಟ್ಟುತ್ತಲೇ ಇರುತ್ತದೆ. ಅಂಥ ಒಂದು ರಾತ್ರಿ ನಾನೂ ಎಲ್ಲರೂ ಮಾಡುವ ಕೆಲಸ ಮಾಡಿದೆ. ಮನಸ್ಸಿಗೆ ನೆಮ್ಮದಿ ಕೊಡುವ ಆಧ್ಯಾತ್ಮಿಕ ಸಂಗೀತ ಬೇಕು ಅಂತ ಮೊಬೈಲಿನಲ್ಲಿ ಹುಡುಕಿದೆ.

ಏನು ಸಿಕ್ಕಿತು ಅಂತ ನಿಮಗೂ ಗೊತ್ತಿರುತ್ತದೆ. ಎಂಟು ಗಂಟೆಯ ವಿಡಿಯೋಗಳು. ಕಮಲದ ಮೇಲೆ ಕುಳಿತ ಯಾರದೋ ನೆರಳು, ಹಿಂದೆ ನೇರಳೆ ಬಣ್ಣದ ಆಕಾಶ. ಕೊಳಲು, ನೀರು ಹರಿಯುವ ಸದ್ದು, ಆಗಾಗ ಒಂದು ಗಂಟೆ. ಕೊಳಲು ಊದುತ್ತಿರುವವರು ಯಾರು ಅಂತ ಎಲ್ಲೂ ಇಲ್ಲ. ರಾಗ ಯಾವುದು ಅಂತ ಇಲ್ಲ, ಇರುವುದೂ ಕಷ್ಟ, ಯಾಕೆಂದರೆ ನಾಲ್ಕೇ ಸ್ವರ ಸುತ್ತುತ್ತಿರುತ್ತವೆ. ಅದರ ಹೆಸರಿನಲ್ಲಿ ಮಾತ್ರ ಎಲ್ಲವೂ ಇದೆ: ಚಕ್ರ, ಗುಣಪಡಿಸುವಿಕೆ, ಋಣಾತ್ಮಕ ಶಕ್ತಿ ನಿವಾರಣೆ, 432 ಹರ್ಟ್ಸ್.

ಈ 432ರ ಬಗ್ಗೆ ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ. ಪಾಶ್ಚಾತ್ಯ ವಾದ್ಯಗಳೆಲ್ಲ ಒಂದೇ ಶ್ರುತಿಯಲ್ಲಿರಲಿ ಅಂತ 'ಎ' ಎಂಬ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಡಲು 1939ರಲ್ಲಿ ಲಂಡನ್ನಿನಲ್ಲಿ ನಡೆದ ಸಭೆಯೊಂದು ಶಿಫಾರಸು ಮಾಡಿತು. ಆಮೇಲೆ ಅದೇ ಅಂತರರಾಷ್ಟ್ರೀಯ ಮಾನಕವಾಯಿತು. ಅದಕ್ಕೂ ಮೊದಲು ಒಂದೊಂದು ಕಡೆ ಒಂದೊಂದು ಲೆಕ್ಕ. ಫ್ರಾನ್ಸಿನಲ್ಲಿ 1859ರಲ್ಲಿ ಕಾನೂನು ಮಾಡಿ 435 ಅಂತ ಇಟ್ಟುಕೊಂಡಿದ್ದರು. ಈಗ ಕೆಲವರು 440 ಮನಸ್ಸನ್ನು ಕದಡುತ್ತದೆ, 432 ವಿಶ್ವದ ಸಹಜ ನಾದ ಅನ್ನುತ್ತಾರೆ. ಅಲ್ಲ, ಸೆಕೆಂಡು ಎನ್ನುವುದೇ ಮನುಷ್ಯ ಮಾಡಿಕೊಂಡ ಅಳತೆ. ಸೆಕೆಂಡಿಗೆ 432 ಅನ್ನುವ ಸುದ್ದಿಯನ್ನು ವಿಶ್ವಕ್ಕೆ ಮುಟ್ಟಿಸಿದವರು ಯಾರು?

ನಮ್ಮ ಸಂಗೀತಕ್ಕಂತೂ ಈ ಜಗಳವೇ ಅನ್ವಯಿಸುವುದಿಲ್ಲ. ನಮ್ಮಲ್ಲಿ ಷಡ್ಜಕ್ಕೆ ಗೊತ್ತಾದ ಜಾಗ ಅಂತಿಲ್ಲ. ಹಾಡುವವರ ಗಂಟಲು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ತಂಬೂರಿ ಸೇರಿಸುತ್ತಾರೆ, ಉಳಿದ ಸ್ವರಗಳೆಲ್ಲ ಅಲ್ಲಿಂದ ಲೆಕ್ಕ. ಒಬ್ಬರೇ ಗಾಯಕರು ನಲವತ್ತರಲ್ಲಿ ಒಂದು ಶ್ರುತಿ, ಎಪ್ಪತ್ತರಲ್ಲಿ ಇನ್ನೊಂದು ಶ್ರುತಿ ಇಟ್ಟುಕೊಳ್ಳುತ್ತಾರೆ. ಅಂಥದ್ದರಲ್ಲಿ ಮೊನ್ನೆ ಒಂದು ದಾಸರ ಪದದ ರೆಕಾರ್ಡಿಂಗನ್ನು ಯಾರೋ ಪುಣ್ಯಾತ್ಮರು 432ಕ್ಕೆ 'ಬದಲಾಯಿಸಿ' ಹಾಕಿದ್ದರು. ಅಂದರೆ ಹಾಡನ್ನು ಶೇಕಡ ಎರಡರಷ್ಟು ಕೆಳಗಿಳಿಸಿದ್ದರು ಅಷ್ಟೆ. ಕೆಳಗೆ ಸಾವಿರಾರು ಜನ ಕೈಮುಗಿದಿದ್ದರು.

ಇರಲಿ. ನಕ್ಕು ಮರೆತುಬಿಡಬಹುದಿತ್ತು. ನಾನು ಹಾಗೆ ಮಾಡಲಿಲ್ಲ, ಅಂಥದ್ದೇ ಒಂದು ಕೊಳಲಿನ ಪ್ಲೇಲಿಸ್ಟನ್ನು ಅವ್ವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ.

ಅಪ್ಪ ಹೋಗಿದ್ದು 2023ರ ಮಳೆಗಾಲದಲ್ಲಿ. ಅವ್ವ ಹುಬ್ಬಳ್ಳಿಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಬೆಂಗಳೂರಿಗೆ ಬಾ ಅಂದರೆ ಎಂಟು ದಿನ ಬಂದು ಒಂಬತ್ತನೇ ದಿನಕ್ಕೆ ಬಸ್ಸು ಹತ್ತುತ್ತಾಳೆ. ಅವಳಿಗೂ ನಿದ್ದೆ ಇಲ್ಲ ಅಂತ ಚಿಕ್ಕಮ್ಮ ಹೇಳಿದ್ದಳು. ಅವ್ವ ನನಗೆ ಹೇಳಿರಲಿಲ್ಲ. ರಾತ್ರಿ ಮಲಗುವಾಗ ಕೇಳಲಿ ಅಂತ ಕಳಿಸಿದೆ. ಮರುದಿನ ಫೋನು ಮಾಡಿದಾಗ ಅವಳೇ ಮಾತೆತ್ತಿದಳು.

"ಏನ್ ಹಾಡ ಕಳಿಸೀಯಪಾ ಅದು? ನನಗ ಬ್ಯಾಡ."

"ಯಾಕಬೇ, ಚಲೋ ಇಲ್ಲೇನು? ಮನಸ್ಸಿಗೆ ಶಾಂತಿ ಅಂತ ಹಾಕ್ಯಾರ."

"ಆ ದವಾಖಾನಿ ಲಿಫ್ಟಿನ್ಯಾಗ ಹಚ್ಚಿರತಿದ್ರಲ್ಲ, ಅದ ಹಾಡು."

ನಾನು ಏನೂ ಮಾತಾಡಲಿಲ್ಲ. ಅಪ್ಪ ಹನ್ನೊಂದು ದಿನ ಐಸಿಯುನಲ್ಲಿದ್ದ, ನಾಲ್ಕನೇ ಮಹಡಿ. ದಿನಕ್ಕೆ ಹತ್ತು ಸಲ ಆ ಲಿಫ್ಟಿನಲ್ಲಿ ಹತ್ತಿ ಇಳಿದಿದ್ದೇವೆ, ಕೆಳಗೆ ಔಷಧಿ ಅಂಗಡಿಗೆ, ಮೇಲೆ ಸಹಿ ಹಾಕಲಿಕ್ಕೆ. ಹೌದು, ಅಲ್ಲಿ ಕೊಳಲಿತ್ತು, ನೀರಿನ ಸದ್ದೂ ಇತ್ತು. ನನಗೆ ನೆನಪೇ ಇರಲಿಲ್ಲ. ಅವ್ವನ ಕಿವಿಗೆ ಇತ್ತು.

ಆಸ್ಪತ್ರೆಯವರದ್ದು ತಪ್ಪು ಅನ್ನುತ್ತಿಲ್ಲ. ಗಾಬರಿಯಾದವರಿಗೆ ಸಮಾಧಾನವಾಗಲಿ ಅಂತಲೇ ಹಾಕಿರುತ್ತಾರೆ. ಆದರೆ ಆವತ್ತಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎಲ್ಲಿ ಬೇಕಾದರೂ ಹಾಕಬಹುದಾದ, ಯಾರ ಹೆಸರೂ ಇಲ್ಲದ, ಯಾರಿಗೂ ಏನನ್ನೂ ಹೇಳದ ಸಂಗೀತಕ್ಕೆ 'ಆಧ್ಯಾತ್ಮಿಕ' ಅಂತ ಹೆಸರು ಬಂದಿದ್ದು ಹೇಗೆ?

ಒಂದು ಕಾರಣ ಸರಳ, ದುಡ್ಡು. ಸ್ಪಾಟಿಫೈಯಂಥ ಕಡೆ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಒಂದು ಗಂಟೆಯ ದರಬಾರಿ ಕಾನಡಾ ಕೇಳಿದರೂ ಒಂದೇ ಎಣಿಕೆ, ಎರಡೆರಡು ನಿಮಿಷದ ಕೊಳಲು ಒಂದು ಗಂಟೆ ಓಡಿದರೆ ಮೂವತ್ತು. ಯಾವುದು ಹೆಚ್ಚು ತಯಾರಾಗುತ್ತದೆ ಅಂತ ಹೇಳಲು ಎಂಜಿನಿಯರ್ ಬೇಕಾಗಿಲ್ಲ. 2025ರ ಜನವರಿಯಲ್ಲಿ ಬಂದ 'ಮೂಡ್ ಮೆಷೀನ್' ಎಂಬ ಪುಸ್ತಕದಲ್ಲಿ ಲಿಜ್ ಪೆಲಿ ಎಂಬ ಪತ್ರಕರ್ತೆ ಇದನ್ನೆಲ್ಲ ಬಿಡಿಸಿಟ್ಟಿದ್ದಾರೆ. ನಿದ್ದೆಯ, ವಿಶ್ರಾಂತಿಯ ಪ್ಲೇಲಿಸ್ಟುಗಳಲ್ಲಿ ಅಗ್ಗಕ್ಕೆ ಬರೆಸಿದ ಸಂಗೀತವನ್ನು ಇಲ್ಲದ ಕಲಾವಿದರ ಹೆಸರಿನಲ್ಲಿ ತುಂಬುವ ಬಗ್ಗೆ ಬರೆದಿದ್ದಾರೆ. ನಾವು ನಿದ್ದೆಗಣ್ಣಿನಲ್ಲಿರುತ್ತೇವಲ್ಲ, ಯಾರು ನುಡಿಸಿದರು ಅಂತ ಯಾರು ಕೇಳುತ್ತಾರೆ?

ಆದರೆ ದುಡ್ಡಿಗಿಂತ ದೊಡ್ಡ ಎಡವಟ್ಟು ಇನ್ನೊಂದಿದೆ ಅಂತ ನನ್ನ ಅನಿಸಿಕೆ. ಆಧ್ಯಾತ್ಮಿಕ ಮತ್ತು ರಿಲ್ಯಾಕ್ಸಿಂಗ್, ಇವೆರಡೂ ಒಂದೇ ಅಂತ ನಾವು ಒಪ್ಪಿಕೊಂಡುಬಿಟ್ಟಿದ್ದೇವೆ.

ನಮ್ಮ ದೇವರ ಹಾಡುಗಳನ್ನೇ ತೆಗೆದುಕೊಳ್ಳಿ. ಅವುಗಳಲ್ಲಿ ನೆಮ್ಮದಿಯಾಗಿರುವವರು ಯಾರಿದ್ದಾರೆ? ಅಕ್ಕ ಮಹಾದೇವಿ ಕಾಡಿನಲ್ಲಿ ಸಿಕ್ಕ ಗಿಣಿ, ಕೋಗಿಲೆ, ದುಂಬಿಗಳನ್ನೆಲ್ಲ ಹಿಡಿದು ತನ್ನ ಚೆನ್ನಮಲ್ಲಿಕಾರ್ಜುನನನ್ನು ವಿಚಾರಿಸುತ್ತಾ ಅಲೆಯುತ್ತಾಳೆ. ಪುರಂದರದಾಸರು ದೇವರ ಜೊತೆ ಜಗಳಕ್ಕೇ ಇಳಿಯುತ್ತಾರೆ, ಸಾಲ ಕೊಟ್ಟವನ ಹಾಗೆ ಬಾಗಿಲಿಗೆ ಬಂದು ಕೇಳುತ್ತಾರೆ. ಶಿಶುನಾಳ ಶರೀಫರ ಪದಗಳು ಒಗಟುಗಳು, ತಲೆ ಕೆಡಿಸುತ್ತವೆ. ಇನ್ನು ಎಲ್ಲ 'ಶಾಂತಿ' ಪ್ಲೇಲಿಸ್ಟುಗಳಲ್ಲೂ ಕಾಯಂ ಇರುವ ವೆಂಕಟೇಶ ಸುಪ್ರಭಾತ? ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಅದನ್ನು ಬೇಗ ನಿದ್ದೆ ಬರಿಸುವ ಪಟ್ಟಿಯೊಂದರಲ್ಲಿ ನೋಡಿ ನಾನು ರಾತ್ರಿ ಎರಡು ಗಂಟೆಗೆ ಒಬ್ಬನೇ ನಕ್ಕಿದ್ದೇನೆ. ಅದು ಮಲಗಿದ ದೇವರನ್ನು ಎಬ್ಬಿಸುವ ಹಾಡು ಸ್ವಾಮಿ! ಅಲಾರಂ!

ಭೀಮಸೇನ ಜೋಶಿಯವರ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಗದಗಿನಲ್ಲಿ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು ಕೇಳಿದರು. ಒಂದು ಠುಮ್ರಿ, ಕೆಲವೇ ನಿಮಿಷದ್ದು. ಕೇಳಿ ಹಾಯಾಗಿ ಮಲಗಿದರೇ? ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿಹೋದರು. ಗ್ವಾಲಿಯರ್, ಜಲಂಧರ್ ಅಂತ ಊರೂರು ಅಲೆದರು. ಕೊನೆಗೆ ಬೇಕಾದ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಸಂಗೀತ ಹುಡುಕಿಕೊಂಡು ಹೋಗುವುದು ಅಂದರೆ ಅದು. ನಮ್ಮದೇನು, ಹೆಬ್ಬೆರಳು ಸರಿಸುವುದು.

ಕುಂದಗೋಳ ಅಂದಕೂಡಲೇ ಅಪ್ಪ ನೆನಪಾಗುತ್ತಾನೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ, ಹಾಡಲು ಬರುತ್ತಿರಲಿಲ್ಲ, ಆದರೆ ಕೇಳುವ ಹುಚ್ಚು. ಅಲ್ಲಿನ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ಇರುತ್ತಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಕರೆದುಕೊಂಡು ಹೋಗಿದ್ದ. ಹತ್ತೂವರೆಗೇ ಅವನ ತೊಡೆ ಮೇಲೆ ನಿದ್ದೆ ಹೊಡೆದೆ. ಯಾವಾಗಲೋ ಎಚ್ಚರವಾಯಿತು. ಬಹುಶಃ ಮೂರು ಗಂಟೆ, ಈಗ ನನ್ನ ಮೊಬೈಲು ಕಿರುಚುವ ಹೊತ್ತೇ. ಯಾರೋ ಹಾಡುತ್ತಿದ್ದರು, ಯಾರು ಅಂತ ಗೊತ್ತಿಲ್ಲ. ಅರ್ಧ ಜನ ಕಂಬಕ್ಕೆ ಒರಗಿದ್ದರು. ಅಪ್ಪ ಮಾತ್ರ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದ, ಪರೀಕ್ಷೆ ಬರೆಯುವವನ ಹಾಗೆ. ನನಗೆ ಎಚ್ಚರವಾಗಿದ್ದು ಅವನಿಗೆ ಗೊತ್ತಾಗಲೇ ಇಲ್ಲ. ಮರುದಿನ ರಾತ್ರಿಯಿಡೀ ನಿದ್ದೆಗೆಟ್ಟವನು ಸಂಜೆಯವರೆಗೂ ಎಷ್ಟು ಖುಷಿಯಾಗಿದ್ದ ಅಂದರೆ, ನನ್ನ ಗಣಿತದ ಮಾರ್ಕ್ಸು ಕೇಳಿದ ಮೇಲೂ ಬೈಯಲಿಲ್ಲ.

ಮನೆಯಲ್ಲಿ ಅವನದ್ದು ಮಲ್ಲಿಕಾರ್ಜುನ ಮನ್ಸೂರರು. ಅವರು ಹಾಡಿದ ವಚನಗಳ ಒಂದು ಕ್ಯಾಸೆಟ್ಟು ಭಾನುವಾರ ಬೆಳಿಗ್ಗೆ ಓಡುತ್ತಿತ್ತು. ಅಪ್ಪ ಗಡ್ಡ ಕೆರೆದುಕೊಳ್ಳುತ್ತಾ, ಅವ್ವ ರೊಟ್ಟಿ ಬಡಿಯುತ್ತಾ. ನನಗೆ ಆಗ ಆ ದನಿ ಸೇರುತ್ತಿರಲಿಲ್ಲ, ಅಜ್ಜ ಬೈದ ಹಾಗೆ ಕೇಳುತ್ತಿತ್ತು. ಈಗಲೂ ಮನ್ಸೂರರನ್ನು 'ರಿಲ್ಯಾಕ್ಸಿಂಗ್' ಅನ್ನಲಾರೆ. ಕೇಳಿ ನೋಡಿ, ಉಸಿರಾಡಲು ಬಿಡುವುದಿಲ್ಲ. ಒಂದು ತಾನು ಎಲ್ಲಿಗೆ ಹೋಗುತ್ತಿದೆ ಅಂತ ನೀವು ಗುರುತಿಸುವಷ್ಟರಲ್ಲಿ ಅವರು ಇನ್ನೊಂದಕ್ಕೆ ಹೊರಟಾಗಿರುತ್ತದೆ. ಯಾರೂ ಮುಟ್ಟದ ರಾಗ, ಎರಡೆರಡು ರಾಗ ಹೆಣೆದ ರಾಗ. ಜೈಪುರ ಘರಾಣೆಯ ಆ ಗಾಯನದಲ್ಲಿ ಮೈಮರೆತು ಒರಗಿಕೊಳ್ಳಲು ಗೋಡೆಯೇ ಇಲ್ಲ. ಕಿವಿ ಅವರ ಹಿಂದೆ ಓಡಲೇಬೇಕು.

ಅವ್ವ ಲಿಫ್ಟಿನ ಮಾತು ಹೇಳಿದ ಆ ವಾರ, ಮತ್ತೆ ಮೂರು ಗಂಟೆಗೆ ಎದ್ದು ಕೆಲಸ ಮುಗಿಸಿದ ಮೇಲೆ ನಾನು ಹಾಕಿಕೊಂಡಿದ್ದು ಅದನ್ನೇ. ನಿದ್ದೆ ಬರಲಿ ಅಂತ ಅಲ್ಲ, ಅಪ್ಪನ ನೆನಪಿಗೆ. ಹತ್ತು ನಿಮಿಷದ ಮೇಲೆ ಗಮನಕ್ಕೆ ಬಂತು, ಎದೆಯ ಡವಡವ ನಿಂತಿತ್ತು. ಕಿವಿ ಅವರ ಹಿಂದೆ ಓಡುತ್ತಿದ್ದುದರಿಂದ ತಲೆ ಆ ಸರ್ವರಿನ ಹಿಂದೆ ಓಡುವುದನ್ನು ಬಿಟ್ಟಿತ್ತು. ಕೊಳಲು-ನೀರು ಹಾಕಿದಾಗ ಹೀಗಾಗಿರಲಿಲ್ಲ. ಅದು ತಲೆಗೆ ಯಾವ ಕೆಲಸವನ್ನೂ ಕೊಡುವುದಿಲ್ಲವಲ್ಲ, ಹಾಗಾಗಿ ತಲೆ ತನ್ನ ಹಳೇ ಕೆಲಸವನ್ನೇ ಮುಂದುವರಿಸುತ್ತಿತ್ತು, ಹಿನ್ನೆಲೆ ಸಂಗೀತದ ಸಮೇತ!

ಇದು ನನ್ನೊಬ್ಬನ ಲೆಕ್ಕ, ನಿಮಗೆ ಬೇರೆ ಇರಬಹುದು. ಆದರೆ ಕುತೂಹಲಕ್ಕೆ ಹುಡುಕಿದಾಗ ಒಂದು ಚಂದದ ಅಧ್ಯಯನ ಸಿಕ್ಕಿತು. ಇಟಲಿಯ ಲುಸಿಯಾನೊ ಬೆರ್ನಾರ್ಡಿ ಎಂಬ ವೈದ್ಯರು ಮತ್ತು ಜೊತೆಗಾರರು 24 ಜನಕ್ಕೆ ಬೇರೆ ಬೇರೆ ಬಗೆಯ ಸಂಗೀತ ಕೇಳಿಸಿ ಉಸಿರು, ಹೃದಯ ಬಡಿತ, ರಕ್ತದೊತ್ತಡ ಅಳೆದರು. ಅದರಲ್ಲಿ ನಮ್ಮ ರಾಗವೂ ಒಂದಿತ್ತು. 2006ರಲ್ಲಿ 'ಹಾರ್ಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಬಗೆಯ ಸಂಗೀತ ಅನ್ನುವುದಕ್ಕಿಂತ ಅದರ ಗತಿಯೇ ಹೆಚ್ಚು ಪರಿಣಾಮ ಮಾಡಿತ್ತು. ಎಲ್ಲಕ್ಕಿಂತ ಹೆಚ್ಚು ಮೈ ಸಡಿಲವಾಗಿದ್ದು ಮಾತ್ರ ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ! ಗಮನವಿಟ್ಟು ಕೇಳಿದ ಮೇಲಿನ ಮೌನಕ್ಕೆ ಆ ಬೆಲೆ ಬರುತ್ತದೆ ಅಂತ ನಾನು ಅರ್ಥಮಾಡಿಕೊಂಡೆ. ಎಂಟು ಗಂಟೆ ನಿಲ್ಲದೆ ಹರಿಯುವ ವಿಡಿಯೋದಲ್ಲಿ ಆ ಎರಡು ನಿಮಿಷ ಎಲ್ಲಿಂದ ಬರಬೇಕು?

ಅವರದ್ದೇ ಇನ್ನೊಂದು ಅಧ್ಯಯನವಿದೆ, 2001ರದ್ದು. ಲ್ಯಾಟಿನ್ನಿನ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಿ ಅಳೆದರೆ, ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ಇಲ್ಲಿ ಒಂದು ಸಣ್ಣ ಸಂಗತಿ ಇದೆ. ಅವರು ಮಂತ್ರ ಕೇಳಲಿಲ್ಲ, ಹೇಳಿದರು. ನಮ್ಮೂರಿನ ಭಜನೆಯಲ್ಲೂ ಕೇಳುಗರು ಅಂತ ಯಾರೂ ಇರುತ್ತಿರಲಿಲ್ಲ. ದನಿ ಇದ್ದವರು, ಇಲ್ಲದವರು, ತಾಳ ತಪ್ಪುವವರು, ಎಲ್ಲರೂ ಹಾಡುವವರೇ. ಇಯರ್‌ಫೋನು ಹಾಕಿಕೊಂಡು ಬಾಯಿ ಮುಚ್ಚಿಕೊಂಡು ಆಧ್ಯಾತ್ಮ ಹುಡುಕುವುದು ನಮ್ಮ ಕಾಲದ ಅವಿಷ್ಕಾರ ಇರಬೇಕು.

ಹಾಗಂತ ನಾನು ಹಾಡಲು ಶುರುಮಾಡಿದರೆ ಪಕ್ಕದ ಫ್ಲ್ಯಾಟಿನವರು ಮನೆ ಖಾಲಿ ಮಾಡುತ್ತಾರೆ. ಹಾಗಾಗಿ ಕೇಳುವುದೇ ಗತಿ. ನನ್ನ ಅಭ್ಯಾಸ ಈಗ ಇಷ್ಟು. ಮೂಡಿನ ಹೆಸರಿನಲ್ಲಿ ಹುಡುಕುವುದಿಲ್ಲ, ಮನುಷ್ಯರ ಹೆಸರಿನಲ್ಲಿ ಹುಡುಕುತ್ತೇನೆ. ವೀಣೆ ಬೇಕಾದರೆ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರ್ಯರು, ಒಂದು ಮೀಟು ಪೂರ್ತಿ ಆರಿದ ಮೇಲೆ ಇನ್ನೊಂದು ಅನ್ನುವಂಥ ಸೌಜನ್ಯ. ಸರೋದ್ ಬೇಕಾದರೆ 2024ರ ಜೂನಿನಲ್ಲಿ ತೀರಿಕೊಂಡ ರಾಜೀವ ತಾರಾನಾಥರು. ಅವರ ಆಲಾಪಕ್ಕೆ ಅರ್ಧ ಗಂಟೆ ಕೊಡಲಾಗದಿದ್ದರೆ ಹಾಕಲೇಬೇಡಿ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಗೊತ್ತುಮಾಡಿದ್ದಾರಲ್ಲ, ಅದು ನನ್ನಂಥ ದಡ್ಡನಿಗೆ ದೊಡ್ಡ ಉಪಕಾರ. ರಾತ್ರಿ ಎದ್ದರೆ ಮಾಲಕಂಸ, ದರಬಾರಿ, ಬೆಳಗಿನ ಜಾವವಾದರೆ ಲಲಿತ. ಆಯ್ಕೆಯ ತಲೆನೋವಿಲ್ಲ. ಹೊಸದಾಗಿ ಕೇಳುವವರಿಗೆ 1967ರ 'ಕಾಲ್ ಆಫ್ ದ ವ್ಯಾಲಿ' ಹೇಳುತ್ತೇನೆ. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜಭೂಷಣ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಹೊತ್ತಿಗೆ ತಕ್ಕ ರಾಗಗಳಲ್ಲಿ ನುಡಿಸಿದ್ದಾರೆ. ನೋಡಿ, ನನಗೆ ಕೊಳಲಿನ ಮೇಲೆ ಏನೂ ಸಿಟ್ಟಿಲ್ಲ :)

ಏನೂ ಬೇಡ ಅನಿಸಿದ ದಿನ ಬರೀ ತಂಬೂರಿ. ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಹೆಸರಾದ ರಾಡೆಲ್ ನಮ್ಮ ಬೆಂಗಳೂರಿನದೇ. ಈಗ ಅದರ ಆ್ಯಪುಗಳೂ ಇವೆ. ಪಂಚಮ, ಎರಡು ಷಡ್ಜ, ಕೆಳಗಿನ ಷಡ್ಜ. ನಿಜವಾದ ತಂಬೂರಿಯಷ್ಟು ಚಂದವಲ್ಲ, ಆದರೆ ಸುಳ್ಳು ಹೇಳುವುದಿಲ್ಲ. ಮತ್ತೊಂದು ಮಾತು, ಸಾಧ್ಯವಿದ್ದರೆ ದುಡ್ಡು ಕೊಟ್ಟು ಇಳಿಸಿಟ್ಟುಕೊಳ್ಳಿ. ವಿಲಂಬಿತ್ ಖಯಾಲಿನಲ್ಲಿ ಗಾಯಕರು ನಿಧಾನಕ್ಕೆ ಹತ್ತಿ ಹತ್ತಿ ತಾರಷಡ್ಜಕ್ಕೆ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಟಾಯ್ಲೆಟ್ ಕ್ಲೀನರಿನ ಜಾಹೀರಾತು ಬಂದರೆ ಆಗುವ ಸಂಕಟ ಶತ್ರುವಿಗೂ ಬೇಡ.

ನನ್ನ ಟೀಮಿನಲ್ಲೇ ಒಬ್ಬನಿದ್ದಾನೆ, ಮಳೆಯ ಸದ್ದು ಹಾಕಿಕೊಂಡು ಐದು ನಿಮಿಷದಲ್ಲಿ ಗೊರಕೆ ಹೊಡೆಯುತ್ತಾನೆ. ಇದನ್ನೆಲ್ಲ ಅವನಿಗೆ ಹೇಳಿದಾಗ, "ಗುರೂ, ನನಗೆ ಮೋಕ್ಷ ಬೇಡ, ನಿದ್ದೆ ಸಾಕು" ಅಂದ. ಒಪ್ಪಿದೆ. ಮಳೆ ತನ್ನನ್ನು ಮಳೆ ಅಂತಲೇ ಕರೆದುಕೊಳ್ಳುತ್ತದೆ, ಚಕ್ರ ತೆರೆಸುತ್ತೇನೆ ಅನ್ನುವುದಿಲ್ಲ. ಫ್ಯಾನಿನ ಸದ್ದಿಗೂ ನನ್ನ ತಕರಾರಿಲ್ಲ. ಅಷ್ಟೇ ಅಲ್ಲ, ಗಮನವಿಟ್ಟೇ ಕೇಳಬೇಕು ಅಂತ ಇಷ್ಟು ಭಾಷಣ ಬಿಗಿದೆನಲ್ಲ, ಅವ್ವ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದುದು ಏನು ಮತ್ತೆ? ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ ಕ್ಯಾಸೆಟ್ಟಿನ ಟೇಪು ಒಂದು ಕಡೆ ಸುಕ್ಕಾಗಿ ಒಂದು ಸಾಲು ನುಂಗಿಹೋಗಿತ್ತು. ಅಲ್ಲಿಗೆ ಬಂದಾಗ ಅವ್ವ ರೊಟ್ಟಿಯಿಂದ ತಲೆ ಎತ್ತದೆ ಆ ಸಾಲನ್ನು ತಾನೇ ಹಾಡಿ ಸೇರಿಸುತ್ತಿದ್ದಳು. ಅದನ್ನು ಹಿನ್ನೆಲೆ ಸಂಗೀತ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ಆ ಟೇಪ್ ರೆಕಾರ್ಡರನ್ನು ಅಟ್ಟದಿಂದ ಇಳಿಸಿದೆ. ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಮೂರು ಅಂಗಡಿ ಸುತ್ತಿದ ಮೇಲೆ ಒಬ್ಬ ಮುದುಕರು ಯಾವುದೋ ಬೇರೆ ಮಾಡೆಲಿನ ಬೆಲ್ಟು ಹಾಕಿಕೊಟ್ಟರು, "ಸ್ವಲ್ಪ ಸ್ಲೋ ಹೊಡೀತೈತಿ ನೋಡ್ರಿ, ನಡೀತೈತಿಲ್ಲೋ?" ಅಂದರು. ನಡೆಯಿತು. ಮನ್ಸೂರರ ದನಿ ಸ್ವಲ್ಪ ಕೆಳಗಿಳಿದಿದೆ. ಲೆಕ್ಕ ಹಾಕಿದರೆ 432ರ ಆಸುಪಾಸಿಗೇ ಬಂದಿರಬಹುದು, ಯಾರಿಗೂ ಹೇಳಬೇಡಿ :)

ಮೊನ್ನೆ ಭಾನುವಾರ ಫೋನು ಮಾಡಿದಾಗ ಹಿಂದೆ ಅದು ಓಡುತ್ತಿತ್ತು. "ದನಿ ಇಳದೈತಬೇ, ಗೊತ್ತಾಕ್ಕೈತೇನು?" ಅಂತ ಕೇಳಿದೆ.

"ಇಳೀಲೇಳು. ಈಗ ನನಗ ಹಾಡಾಕ ಬರತೈತಿ" ಅಂದಳು.

ನೀವು ರಾತ್ರಿ ಎಚ್ಚರವಾದಾಗ ಏನು ಕೇಳುತ್ತೀರಿ, ಬರೆಯಿರಿ. ಹಾಡಿದವರ ಹೆಸರು ಸಮೇತ.